ಕರೆಂಟು ಕಂಬದ ಜೋಗುಳ

ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಒಂದೊಂದು ಕ್ಲಾಸಿನಲ್ಲಿ ಐವತ್ತನಾಲ್ಕು ಮಕ್ಕಳು. ಕೂಗಿದವಳಲ್ಲ, ಬೆತ್ತ ಹಿಡಿದವಳಲ್ಲ. ಬಾಗಿಲಲ್ಲಿ ನಿಂತು ತೋರುಬೆರಳನ್ನು ತುಟಿಯ ಮೇಲೆ ಇಟ್ಟರೆ ಸಾಕು, ನೂರೆಂಟು ತುಟಿಗಳು ಗೋಂದು ಹಚ್ಚಿದಂತೆ ಅಂಟಿಕೊಳ್ಳುತ್ತಿದ್ದವು. ಕಿಟಕಿಯ ಮೇಲಿನ ನೊಣ ಕೂಡ ರೆಕ್ಕೆ ಮಡಚಿ ಕೂರುತ್ತಿತ್ತು ಎಂದರೆ ಉತ್ಪ್ರೇಕ್ಷೆ ಅನ್ನುತ್ತೀರಿ. ಆ ನೊಣವನ್ನು ನೀವು ನೋಡಿಲ್ಲ.

ಅಂಥ ನನಗೆ ಮಗಳು ಯಾಚಿನ್ ತನ್ನ ನಾಲ್ಕು ತಿಂಗಳ ಕೂಸನ್ನು ತೋರಿಸಿ, “ಅಮ್ಮಾ, ಇವಳನ್ನ ಸುಮ್ಮನಿರಿಸೋಕೆ ನಿನ್ನ ಕೈಲಾಗುತ್ತಾ?” ಎಂದು ಕೇಳಿದಳು. ನೆಪೋಲಿಯನ್ನನಿಗೆ ಪಟಾಕಿ ಹೊಡೆಯಲು ಬರುತ್ತದಾ ಎಂದು ಕೇಳಿದ ಹಾಗೆ.

“ಭಾನುವಾರದ ಒಳಗೆ ಈ ಮನೆಯಲ್ಲಿ ಅಳು ಅನ್ನೋದೇ ಇರಲ್ಲ. ಬರೆದಿಟ್ಕೋ” ಎಂದೆ.

ಭಾನುವಾರವೇ ಏಕೆಂದರೆ, ಅಂದು ನಮ್ಮ ಬೀಗತಿ ತೋಂಗ್ ಹಾರ್ಬಿನ್ನಿನಿಂದ ಬಂದಿಳಿಯುವವರಿದ್ದರು. ಸೋಮವಾರ ಯಾಚಿನ್‌ಳ ಹೆರಿಗೆ ರಜೆ ಮುಗಿಯುತ್ತಿತ್ತು. ಅಳಿಯ ಸುರಂಗ ತೋಡುವ ಕೆಲಸದವನು. ವರ್ಷಕ್ಕೆ ಹತ್ತು ತಿಂಗಳು ಯಾವುದೋ ಬೆಟ್ಟದ ಹೊಟ್ಟೆಯೊಳಗೆ ಇರುತ್ತಾನೆ. ಮಗು ಯಾರ ಹತ್ತಿರ ಬೆಳೆಯಬೇಕು? ಸಿಚುವಾನಿನಲ್ಲಿ ನನ್ನ ಹತ್ತಿರವೋ, ಎರಡು ದಿನದ ರೈಲು ದಾರಿಯಾಚೆ, ಮೂಗು ಹೆಪ್ಪುಗಟ್ಟುವ ಊರಿನಲ್ಲಿ ತೋಂಗ್ ಹತ್ತಿರವೋ? ಅವರು ಆಗಲೇ ಮನೆಯ ತೊಲೆಗೆ ತೂಗುತೊಟ್ಟಿಲು ಕಟ್ಟಿ, ಅದರ ಫೋಟೋ ಕಳಿಸಿಯೂ ಆಗಿತ್ತು. ಹೋದರೆ ಶಿಶುವಿಹಾರ ಸೇರುವವರೆಗೆ, ಅಂದರೆ ಮೂರು ವರ್ಷ, ಮೊಮ್ಮಗಳ ಮುಖವನ್ನು ನಾನು ಫೋನಿನಲ್ಲೇ ನೋಡಬೇಕು.

ಯಾಚಿನ್ ನ್ಯಾಯಾಧೀಶೆಯ ಹಾಗೆ ಹೇಳಿದ್ದಳು: “ಅಮ್ಮಾ, ನಂಗೆ ಇಬ್ಬರೂ ಒಂದೇ. ನಾನು ಆಫೀಸಲ್ಲಿ ಕೂತಾಗ ಮಗು ಇಲ್ಲಿ ಮೂರು ಮೂರು ಗಂಟೆ ಅಳ್ತಾ ಇರುತ್ತೆ ಅಂದ್ರೆ ನನ್ನ ಕೈಲಿ ಆಗಲ್ಲ. ಯಾರ ಹತ್ತಿರ ಸುಮ್ಮನಿರುತ್ತೋ ಅವರ ಹತ್ತಿರ ಇರ್ಲಿ.”

ಕೂಸಿನ ಮುದ್ದಿನ ಹೆಸರು ನೋಮಿ, ಅಂದರೆ ಅಂಟಕ್ಕಿ. ಬೆಳ್ಳಗೆ ಗುಂಡಗೆ ಇದ್ದಾಳೆ ಎಂದು ಇಟ್ಟದ್ದು. ಬೆಳಗಿನಿಂದ ಹೆಸರಿಗೆ ತಕ್ಕಂತೆ ಮೆತ್ತಗೆ ಅಂಟಿಕೊಂಡೇ ಇರುತ್ತಾಳೆ. ಸಂಜೆ ಗಡಿಯಾರ ಐದು ಹೊಡೆಯಿತೋ, ಅಂಟಕ್ಕಿ ಹೋಗಿ ಕಾದ ಎಣ್ಣೆಗೆ ಬಿದ್ದ ಒಣಮೆಣಸಿನಕಾಯಿ. ಎಂಟರವರೆಗೆ ಸಿಡಿತ. ಡಾಕ್ಟರು ಹೊಟ್ಟೆ ಒತ್ತಿ, ಕಿವಿ ನೋಡಿ, “ಏನೂ ಇಲ್ಲ, ಕೆಲವು ಮಕ್ಕಳು ಹೀಗೇ” ಎಂದು ಕಳಿಸಿದ್ದರು.

ಸೋಮವಾರ ಐದಕ್ಕೆ ಸರಿಯಾಗಿ ನಾನು ತುಟಿಯ ಮೇಲೆ ಬೆರಳಿಟ್ಟೆ. ನೋಮಿ ನೋಡಿದಳು. ಬೆರಳನ್ನು ಹಿಡಿದು ಬಾಯಿಗೆ ಎಳೆದುಕೊಂಡಳು. ರುಚಿ ನೋಡಿದಳು. ಆಮೇಲೆ ಎರಡು ಪಟ್ಟು ಜೋರಾಗಿ ಅತ್ತಳು.

ಸರಿ, ಬ್ರಹ್ಮಾಸ್ತ್ರ ಹುಸಿಯಾಯಿತು. ನಾನು ಪಾಠ ಯೋಜನೆ ಬರೆದೆ. ಐದಕ್ಕೆ ಹೆಗಲು. ಐದೂ ಹತ್ತಕ್ಕೆ ಗಿಲಕಿ. ಐದೂ ಇಪ್ಪತ್ತಕ್ಕೆ ಪ್ರಾಣಿಗಳ ಚಿತ್ರದ ಕಾರ್ಡು. ಐದೂವರೆಗೆ ಕನ್ನಡಿ. ಐದೂ ನಲವತ್ತಕ್ಕೆ ಶಿಶುಪ್ರಾಸ, ಅಭಿನಯ ಸಹಿತ. ಐದೂ ಐವತ್ತಕ್ಕೆ ಪುನರಾವರ್ತನೆ. ವೇಳಾಪಟ್ಟಿಯನ್ನು ನಾನು ನಿಮಿಷ ತಪ್ಪದೆ ಪಾಲಿಸಿದೆ. ನೋಮಿಯೂ ಅಷ್ಟೇ ಶಿಸ್ತಿನಿಂದ ಪ್ರತಿ ಅವಧಿಯಲ್ಲೂ ಬೇರೆ ಬೇರೆ ರಾಗದಲ್ಲಿ ಅತ್ತಳು.

ನನ್ನ ಗಂಡ ಪೆಂಗ್ ಬಾಗಿಲ ಹತ್ತಿರ ಚಹಾದ ಬಾಟಲಿ ಹಿಡಿದು ನಿಂತಿದ್ದ. ಹೆಸರಿನಲ್ಲಷ್ಟೇ ಪೆಂಗ್, ಮನುಷ್ಯ ಪೆಂಗನಲ್ಲ. ಮೂವತ್ತಮೂರು ವರ್ಷ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಮಾತು ಕಡಿಮೆ, ಆಡಿದರೆ ಹಾರ್ನಿನ ಹಾಗೆ, ತಿರುವಿನಲ್ಲಿ ಮಾತ್ರ.

“ಸ್ವಲ್ಪ ಹೊತ್ತು ನಾನು ಎತ್ಕೊಳ್ಳಲಾ?” ಎಂದ.

“ನೀನಾ? ಮಕ್ಕಳ ವಿಷಯ ನಿಂಗೇನು ಗೊತ್ತು? ಇದು ಗೇರು ಹಾಕಿದ್ರೆ ಓಡೋ ವಸ್ತು ಅಲ್ಲ. ಹೋಗು, ಮಾಜಾಂಗ್ ಆಡು ಹೋಗು.”

“ಸರಿ ಲುವೋ ಟೀಚರ್” ಎಂದ. ಕೋಪ ಬಂದಾಗಲೂ ನಗು ಬಂದಾಗಲೂ ಅವನು ನನ್ನನ್ನು ಕರೆಯುವುದು ಹಾಗೆಯೇ. ಯಾವುದು ಬಂದಿದೆ ಎಂದು ನಾನೇ ಊಹಿಸಿಕೊಳ್ಳಬೇಕು.

ಮಂಗಳವಾರ ಮಧ್ಯಾಹ್ನ, ನೋಮಿ ಬೊಚ್ಚುಬಾಯಿ ಅಗಲಿಸಿ ನಗುವ ಶುಭ ಮುಹೂರ್ತ ನೋಡಿ ತೋಂಗ್‌ಗೆ ವಿಡಿಯೋ ಕಾಲ್ ಮಾಡಿದೆ.

“ಕೂಸು ಅಳ್ತೈತೇನ್ರಿ ಬೀಗತೇರ? ಸಂಜೀಗೆ ಭಾಳ ಕಾಡ್ತೈತಿ ಅಂತ ಯಾಚಿನ್ ಅಂದಿದ್ಲು?” ಉತ್ತರದವರ ಮಾತೇ ಹಾಗೆ, ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕು.

“ಅಯ್ಯೋ, ಅದೆಲ್ಲ ಹಳೇ ಕತೆ. ಈಗ ಅಳು ಅಂದ್ರೆ ಏನು ಅಂತಾನೇ ಮರೆತಿದೆ ನಮ್ಮ ನೋಮಿ.”

“ಹೌದಾ? ಆದ್ರೂ ಬರ್ತೀನಿ. ಟಿಕೀಟು ತಗೊಂಡಾಗೈತಿ. ತೊಟ್ಲ ಹಗ್ಗಾನೂ ತರ್ತೀನಿ.”

ಫೋನಿಟ್ಟ ಮೇಲೆ ಪೆಂಗ್ ಚಹಾ ಗುಟುಕರಿಸಿ ಹೇಳಿದ: “ಸುಳ್ಳು ಹೇಳಿದ ಮಕ್ಕಳನ್ನ ನೀನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ತಿದ್ದೆ ಅಲ್ವಾ?”

ನಾನು ಅವನಿಗೆ ಗೋಡೆ ತೋರಿಸಿದೆ.

ಬುಧವಾರದ ಹೊತ್ತಿಗೆ ನನ್ನ ಹೆಗಲು ಇಳಿದು, ಗಂಟಲು ಒಡೆದು, ಪಾಠ ಯೋಜನೆಯ ಮೇಲೆ ನೋಮಿ ಹಾಲು ಕಕ್ಕಿದ್ದಳು. ಆಗ ಪೆಂಗ್ ಅಂದ: “ನಾನು ಚಿಕ್ಕೋನಿದ್ದಾಗ ಅಳ್ತಿದ್ದೆ ಅಂತ ನಮ್ಮಮ್ಮ ಕಂಬಕ್ಕೆ ಚೀಟಿ ಅಂಟಿಸಿದ್ಳಂತೆ.”

ನಮ್ಮ ಕಡೆಯ ಹಳೆಯ ಪದ್ಧತಿ ಅದು. ಅಳುವ ಮಗುವಿರುವ ಮನೆಯವರು ಕೆಂಪು ಕಾಗದದ ಮೇಲೆ ನಾಲ್ಕು ಸಾಲಿನ ಪದ್ಯ ಬರೆದು ದಾರಿಬದಿಯಲ್ಲಿ ಅಂಟಿಸುತ್ತಾರೆ. ಹೋಗುವವರು ಬರುವವರು ನಿಂತು ಗಟ್ಟಿಯಾಗಿ ಓದಬೇಕು. ಹೆಚ್ಚು ಬಾಯಿ ಓದಿದಷ್ಟೂ ಮಗುವಿನ ಅಳು ಹಂಚಿಹೋಗುತ್ತದೆ ಎಂದು ನಂಬಿಕೆ.

“ಮೂಢನಂಬಿಕೆ” ಎಂದೆ. ಮೂವತ್ತೊಂದು ವರ್ಷ ಅದರ ವಿರುದ್ಧ ಮಕ್ಕಳಿಂದ ಪ್ರಬಂಧ ಬರೆಸಿದವಳು ನಾನು.

“ಹಾಗಾದ್ರೆ ಬೇಡ.”

“ಬೇಡ ಅಂತ ನಾನೆಲ್ಲಿ ಹೇಳಿದೆ? ಮೂಢನಂಬಿಕೆ ಅಂತ ತೋರಿಸೋಕಾದ್ರೂ ಒಂದು ಪ್ರಯೋಗ ಆಗ್ಬೇಕಲ್ವಾ?”

ಹೀಗೆ ವಿಜ್ಞಾನದ ಹಿತದೃಷ್ಟಿಯಿಂದ ನಾನು ಹೊಸ ವರ್ಷಕ್ಕೆ ತಂದು ಉಳಿದಿದ್ದ ಕೆಂಪು ಕಾಗದ ತೆಗೆದೆ, ಮಸಿ ಅರೆದೆ. ಊರಲ್ಲಿ ಓಡಾಡುವ ಹಳೆಯ ಪದ್ಯ ರಾತ್ರಿ ಅಳುವ ಮಕ್ಕಳದ್ದು; ನಮ್ಮದು ಸಂಜೆಯ ಪಾಳಿ. ಸ್ವಂತದ್ದೇ ರಚಿಸಿದೆ. ಯಾರಿಗೂ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆಯತೊಡಗಿದೆ. ಮೊದಲ ಸಾಲು ಏಡಿ ನಡೆದ ಹಾಗೆ ಬಂತು. ಅಂಥ ಅಕ್ಷರವನ್ನು ನನ್ನ ಮನೆಯಿಂದ ಹೊರಗೆ ಕಳಿಸುವುದೇ? ಪ್ರಾಣ ಹೋದರೂ ಆಗದು. ಹರಿದು, ಬಲಗೈಯಲ್ಲಿ ಹೊಸದಾಗಿ ಬರೆದೆ:

ದಾರಿಯಲಿ ನಡೆವವರೆ, ಒಂದು ಗಳಿಗೆ ನಿಲ್ಲಿ,
ಮುಸ್ಸಂಜೆ ಅಳುವವಳು ಇದ್ದಾಳೆ ಇಲ್ಲಿ;
ನಿಮ್ಮ ಬಾಯಲ್ಲೊಮ್ಮೆ ಈ ಸಾಲು ಬರಲಿ,
ನಮ್ಮ ಮನೆ ಕೂಸಿಗೆ ನಿದ್ದೆಯ ತರಲಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ಕೆಳಗೆ ಸೇರಿಸಿತು: “ಸೂಚನೆ: ಗಟ್ಟಿಯಾಗಿ, ಸ್ಪಷ್ಟವಾಗಿ, ಮೂರು ಬಾರಿ ಓದುವುದು. ಓದಿದವರು ಕೆಳಗೆ ಹೆಸರು ಬರೆಯುವುದು.”

ನಮ್ಮ ಎರಡನೇ ಮಹಡಿಯ ಬಾಲ್ಕನಿಯ ಎದುರಿಗೇ ಇರುವ ಕರೆಂಟು ಕಂಬಕ್ಕೆ ಅದನ್ನು ಅಂಟಿಸಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲೆ ಬಂದೆ.

ಐದು ಹೊಡೆಯಿತು. ನೋಮಿ ಶುರುಮಾಡಿದಳು. ಅವಳನ್ನು ಹೆಗಲಿಗೆ ಹಾಕಿಕೊಂಡು, ಬಾಲ್ಕನಿಯಲ್ಲಿ ಒಣಗಲು ತೂಗುಬಿಟ್ಟ ಸಾಸೇಜುಗಳ ಸಂದಿಯಿಂದ ಇಣುಕಿದೆ. ತೋಫು ಮಾರುವ ಜಿಯಾಂಗ್ ಗಾಡಿ ತಳ್ಳಿಕೊಂಡು ಬಂದ. ಕಂಬದ ಮುಂದೆ ನಿಂತ. ಒಂದು ಕ್ಷಣ ನೋಡಿದವನೇ ಸಿಗರೇಟು ಬಿಸಾಕಿ, ನೆಟ್ಟಗಾಗಿ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಓದತೊಡಗಿದ. ನಲವತ್ತು ದಾಟಿದ ಗಂಡಸು, ಗದ್ದದಲ್ಲಿ ಗಡ್ಡ. ಆದರೂ ಮೂರನೇ ಸಾಲನ್ನು ಅರ್ಧ ನುಂಗಿದ. ನನ್ನ ಕ್ಲಾಸಿನಲ್ಲಿದ್ದಾಗಲೂ ಹಾಗೆಯೇ ನುಂಗುತ್ತಿದ್ದ.

ಮಾಜಾಂಗ್ ಆಟಕ್ಕೆ ಹೊರಟವನು, ಮರೆತ ಕನ್ನಡಕ ತೆಗೆದುಕೊಂಡು ಹೋಗಲು ಪೆಂಗ್ ಆಗ ತಾನೇ ಒಳಗೆ ಬಂದಿದ್ದ. “ಹಿಡ್ಕೋ ಇವಳನ್ನ” ಎಂದು ಕೂಸನ್ನು ಅವನ ಮಡಿಲಿಗೆ ತುರುಕಿ, ಸಾಸೇಜುಗಳನ್ನು ಸರಿಸಿ ಕಟಕಟೆಗೆ ಬಗ್ಗಿದೆ.

“ಜಿಯಾಂಗ್, ಮೂರನೇ ಸಾಲು ಮತ್ತೆ ಓದು. ನುಂಗಬೇಡ.”

ಅವನು ತಲೆ ಎತ್ತಿದ. “ನೀವೇ ಅಂತ ಗೊತ್ತಿತ್ತು ಟೀಚರ್.”

“ಹೇಗೆ ಗೊತ್ತಿತ್ತು?”

“ಈ ಅಕ್ಷರ ಗೊತ್ತಾಗಲ್ವಾ? ನನ್ನ ನೋಟ್‌ಬುಕ್ಕಲ್ಲಿ ‘ಮತ್ತೆ ಬರೆ’ ಅಂತ ಆರು ವರ್ಷ ಇದೇ ಅಕ್ಷರದಲ್ಲಿ ಬರೆದಿದ್ದೀರಿ.” ತಲೆ ಕೆರೆದುಕೊಂಡ. “ಟೀಚರ್, ಒಂದು ಮಾತು. ನಾಲ್ಕನೇ ಕ್ಲಾಸಲ್ಲಿ ‘ನಾನು ಕಂಡ ಮೂಢನಂಬಿಕೆ’ ಅಂತ ಪ್ರಬಂಧ ಕೊಟ್ಟಿದ್ರಿ. ನಮ್ಮಜ್ಜಿ ತಂಗಿಗೋಸ್ಕರ ಇಂಥದೇ ಚೀಟಿ ಅಂಟಿಸಿದ್ಳು, ಅಳು ನಿಂತೇಹೋಯ್ತು, ಅದಕ್ಕೆ ಇದು ಮೂಢನಂಬಿಕೆ ಅಲ್ಲ ಅಂತ ಬರೆದಿದ್ದೆ. ನೀವು ಸೊನ್ನೆ ಕೊಟ್ರಿ.”

“ಕೊಟ್ಟಿರಬೇಕು.”

“ಸೊನ್ನೆ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ರಿ. ಅಪ್ಪ ಆ ಎರಡು ಗೆರೇನೂ ನನ್ನ ಬೆನ್ನ ಮೇಲೆ ಎಳೆದ್ರು.”

“ಓದು ಜಿಯಾಂಗ್. ಇನ್ನೂ ಎರಡು ಸಲ ಬಾಕಿ ಇದೆ.”

ಅವನು ಓದಿದ. ಮೂರನೆಯ ಸಲ ಮುಗಿದಾಗ ನನಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ತಿರುಗಿ ನೋಡಿದೆ. ಅಳು ನಿಂತಿತ್ತು. ಪೆಂಗ್‌ನ ಎದೆಯ ಮೇಲೆ ನೋಮಿ ಕಣ್ಣರಳಿಸಿ ಮಲಗಿದ್ದಳು.

“ನೋಡಿದ್ಯಾ!” ಎಂದೆ ಪಿಸುಮಾತಿನಲ್ಲಿ. “ನನ್ನ ಪದ್ಯ!”

ಪೆಂಗ್ ಏನೋ ಹೇಳಲು ಬಾಯಿ ತೆರೆದ. ನಾನು ಬೆರಳನ್ನು ತುಟಿಯ ಮೇಲಿಟ್ಟೆ. ಮುಚ್ಚಿದ.

ಜಿಯಾಂಗ್ ಕೆಳಗಿನಿಂದಲೇ ಕಂಬದ ಫೋಟೋ ತೆಗೆದು ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ ಹಾಕಿದನಂತೆ. ಬರೆದದ್ದು ಒಂದೇ ಸಾಲು: “ಲುವೋ ಟೀಚರ್ ಮನೆಗೆಲಸ ಕೊಟ್ಟಿದ್ದಾರೆ.”

ಗುರುವಾರ ಐದಕ್ಕೆ ಇಪ್ಪತ್ತಾರು ಜನ ಬಂದರು. ಔಷಧಿ ಅಂಗಡಿಯವನು, ಕ್ಷೌರದವಳು, ಬ್ಯಾಂಕಿನ ಇಬ್ಬರು, ಹೊಟ್ಟೆ ಬಂದವರು, ಕೂದಲು ಹೋದವರು. ಯಾರೂ ಹೇಳದೆಯೇ ಎತ್ತರದ ಪ್ರಕಾರ ಸಾಲಾಗಿ ನಿಂತರು. ನಾನು ಕೂಸನ್ನು ಪೆಂಗ್‌ಗೆ ಕೊಟ್ಟು, ಅವನ ಮಾಜಾಂಗನ್ನು ರದ್ದು ಮಾಡಿ, ಬಾಲ್ಕನಿಯಲ್ಲಿ ಅಡುಗೆಮನೆಯ ಉದ್ದ ಚಾಪ್‌ಸ್ಟಿಕ್ ಹಿಡಿದು ತಾಳ ಹಾಕಿದೆ. ಬೀದಿ ನಡುಗಿತು. ಮೂರು ಸಲ, ಆರು ಸಲ, ಒಂಬತ್ತು ಸಲ. ಹಿಂದೆ ತಿರುಗಿದರೆ ನೋಮಿಗೆ ನಿದ್ದೆ. ಜಗತ್ತಿನಲ್ಲಿ ಯಾವ ಕವಿಗೂ ತನ್ನ ಕವಿತೆ ಕೇಳಿ ಶ್ರೋತೃ ನಿದ್ದೆಹೋದದ್ದಕ್ಕೆ ಅಷ್ಟು ಸಂತೋಷವಾಗಿರಲಾರದು.

ಶುಕ್ರವಾರ ನಲವತ್ತು ಜನ. ನಾನು ಸಂಜೆ ಕೆಳಗಿಳಿದು ಸಹಿಗಳನ್ನು ಪರಿಶೀಲಿಸಿ, ಒಬ್ಬನೇ ನಾಲ್ವರ ಹೆಸರು ಬರೆದದ್ದನ್ನು ಪತ್ತೆ ಹಚ್ಚಿದೆ. ನಿವೃತ್ತಳಾದ ಮೇಲೆ ಮೂರು ವರ್ಷದಿಂದ ಯಾರೂ ನನಗೆ ಹೆದರಿರಲಿಲ್ಲ. ಮೈಗೆ ಬಹಳ ಹಿತವಾಗಿತ್ತು.

ಶನಿವಾರ ಓದು ನಡೆಯುತ್ತಿದ್ದಾಗಲೇ ತೋಂಗ್ ರೈಲಿನಿಂದ ಫೋನು ಮಾಡಿದರು. “ಏನ್ರಿ ಅದು ಗದ್ದಲ?”

“ರೇಡಿಯೋ.”

“ಭಾಳ ಮಂದಿ ಇದ್ದಂಗೈತಲ್ರಿ ರೇಡಿಯೋದಾಗ.”

“ದೊಡ್ಡ ರೇಡಿಯೋ” ಎಂದು ಇಟ್ಟೆ.

ಭಾನುವಾರ ನಾನು ಒಂದು ತಪ್ಪು ಮಾಡಿದೆ. ರೈಲು ತಡವಾಗಿಯೇ ಬರುತ್ತದೆ, ತೋಂಗ್ ರಾತ್ರಿ ಊಟದ ಹೊತ್ತಿಗೆ ಬರುತ್ತಾರೆಂದು ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ಕಂಬದ ಚೀಟಿ ಕಿತ್ತು, ಶಿಷ್ಯರನ್ನು ಕಳಿಸಿ, ಮಲಗಿದ ಮಗುವನ್ನು ತೋರಿಸಿದರೆ ಆಯಿತು. ಆ ರೈಲು ಮಾತ್ರ ಯಾವ ಹಳೆಯ ವಿದ್ಯಾರ್ಥಿಯ ಕೈಯಲ್ಲಿತ್ತೋ, ಒಂದು ನಿಮಿಷವೂ ತಡಮಾಡದೆ ನಾಲ್ಕಕ್ಕೇ ಬಂದಿತ್ತು. ಐದಕ್ಕೆ ಐದು ನಿಮಿಷ ಇರುವಾಗ ಬಾಗಿಲು ಬಡಿದ ಸದ್ದು.

ತೋಂಗ್ ಬಾಗಿಲ ತುಂಬ ನಿಂತಿದ್ದರು. ಹೆಗಲಲ್ಲಿ ತೊಟ್ಟಿಲ ಹಗ್ಗ, ಕೈಯಲ್ಲಿ ಒಣಗಿಸಿದ ಅಣಬೆಯ ಚೀಲ.

“ಬನ್ನಿ ಬನ್ನಿ ಬೀಗತಿ, ದಾರಿ ಸಿಕ್ತಾ?”

“ಸಿಕ್ತು. ಕಂಬದ ಮುಂದ ದೊಡ್ಡ ಪಾಳಿ ನಿಂತಿತ್ತು. ಏನಂತ ಕೇಳಿದ್ನಿ. ತೋಫು ಗಾಡಿಯವ ಅಂದ: ‘ಓದ್ರಿ ಅಮ್ಮಾ, ನಮ್ಮ ಟೀಚರ್ ಮೊಮ್ಮಗಳು ಸಂಜೀ ಆತಂದ್ರ ಅಳೂದು ನಿಂದ್ರಸಂಗಿಲ್ಲ, ಪಾಪ, ಟೀಚರ್‌ಗೆ ಸಾಕಾಗೈತಿ.’” ಅವರು ಹಗ್ಗ ಕೆಳಗಿಟ್ಟರು. “ಪುಣ್ಯದ ಕೆಲಸ ಅಂತ ಮೂರು ಸಲ ಓದೀನಿ. ಸಹೀನೂ ಮಾಡೀನಿ.”

ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕಾದ ಸರದಿ ನನ್ನದಾಗಿತ್ತು. ನಿಲ್ಲಲಿಲ್ಲ. “ಬಂದ ಮೇಲೆ ನೋಡೇ ಹೋಗಿ” ಎಂದೆ, ಎದೆ ಸೆಟೆಸಿ. “ಅಳು ಅನ್ನೋದು ಇಲ್ಲ ಅಂದ್ರೆ ಇಲ್ಲ.”

ಐದು ಹೊಡೆಯಿತು. ಇತ್ತು.

ಕೆಳಗೆ ಓದು ಶುರುವಾಯಿತು. ಇವತ್ತು ಗೆಲ್ಲಬೇಕಾದವಳು ನಾನು. ಆದ್ದರಿಂದ ಕೂಸನ್ನು ನಾನೇ ಎತ್ತಿಕೊಂಡೆ. ಒಂದು ಸಲ ಓದಿದರು. ಅಳು. ಎರಡು ಸಲ. ಇನ್ನೂ ಜೋರು. ಗಿಲಕಿ ಆಡಿಸಿದೆ, ಕನ್ನಡಿ ಹಿಡಿದೆ, ಆನೆಯ ಕಾರ್ಡು ತೋರಿಸಿದೆ. ಯಾಚಿನ್ ಗೋಡೆಗೆ ಒರಗಿ ನಿಂತು ಗಡಿಯಾರ ನೋಡುತ್ತಿದ್ದಳು. ಮೂರು ವರ್ಷ. ನೋಮಿ ನಡೆಯಲು ಕಲಿಯುವುದು ಅಲ್ಲಿ, ಮಾತು ಕಲಿಯುವುದು ಅಲ್ಲಿ. ಮೊದಲ ಸಲ “ಅಜ್ಜಿ” ಅನ್ನುವುದು ಆ ಹಗ್ಗದವರಿಗೆ.

“ಇಲ್ಲಿ ಕೊಡ್ರಿ” ಎಂದು ತೋಂಗ್ ಕೂಸನ್ನು ತೆಗೆದುಕೊಂಡರು. ಹಾರ್ಬಿನ್ನಿನ ಪದ್ಧತಿಯಲ್ಲಿ ಬಟ್ಟೆ ಸುತ್ತಿ ಆಚೆ ಈಚೆ ತೂಗಿದರು, ಅಂಬಿಗರು ದೋಣಿಗೆ ಹುಟ್ಟು ಹಾಕಿದಂತೆ. ನೋಮಿ ಇಲ್ಲಿಯವರೆಗೆ ಅತ್ತದ್ದು ಬರೀ ಪೀಠಿಕೆ ಎಂದು ಆಗ ಗೊತ್ತಾಯಿತು.

“ನಿಮ್ಮ ಮಂದಿ ಸರಿಯಾಗಿ ಓದಾಕತ್ತಿಲ್ರಿ” ಎಂದರು ತೋಂಗ್, ಬೆವರೊರೆಸಿಕೊಂಡು. “ಸತ್ವಾನೇ ಇಲ್ಲ ದನಿಯಾಗ.”

“ನನ್ನ ಮಕ್ಕಳಿಗೆ ಓದೋಕೆ ಬರಲ್ಲ ಅಂತೀರಾ?”

“ಬರೂದಿಲ್ಲ ಅಂದ್ರ ಬರೂದಿಲ್ಲ. ನಾ ತೋರಸ್ತೀನಿ ಬರ್ರಿ.”

ಕೂಸನ್ನು ಪೆಂಗ್‌ನ ಮಡಿಲಿಗೆ ಹಾಕಿ ಅವರು ಬಾಲ್ಕನಿಗೆ ನಡೆದರು. ನನ್ನ ಬಾಲ್ಕನಿ! ನಾನು ಹಿಂದೆಯೇ ಓಡಿದೆ. ಅವರು ಎಡಗಡೆಯವರಿಗೆ ಹಾರ್ಬಿನ್ ಗಂಟಲಲ್ಲಿ ಸಾಲು ಹೇಳಿಕೊಟ್ಟರು; ನಾನು ಬಲಗಡೆಯವರಿಗೆ ಚಾಪ್‌ಸ್ಟಿಕ್ ಬೀಸಿದೆ. ಕೆಳಗಿನವರು ಯಾರ ಮಾತು ಕೇಳಬೇಕೆಂದು ತಿಳಿಯದೆ ಎರಡೂ ಕೇಳಿದರು. ನಾವಿಬ್ಬರೂ ಸಾಸೇಜುಗಳ ನಡುವೆ ಮೊಣಕೈ ತಳ್ಳಾಡುತ್ತ ಕೂಗುತ್ತಿದ್ದಾಗ, ಜಿಯಾಂಗ್ ಕೆಳಗಿನಿಂದ ಕೈ ಎತ್ತಿದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಕೈ ಎತ್ತಿದ್ದು.

“ಟೀಚರ್, ಮಗು ಅಳ್ತಿಲ್ಲ. ನಿಲ್ಲಿಸಲಾ?”

ಇಬ್ಬರೂ ತಿರುಗಿದೆವು.

ಪೆಂಗ್ ತನ್ನ ಹಳೆಯ ಬೆತ್ತದ ಕುರ್ಚಿಯಲ್ಲಿ ಒರಗಿ ಕೂತಿದ್ದ. ನೋಮಿ ಅವನ ಎದೆಯ ಮೇಲೆ ಕಪ್ಪೆಯ ಹಾಗೆ ಬೋರಲು ಮಲಗಿದ್ದಳು. ಅವನು ಅವಳಿಗೆ ಏನೂ ತೋರಿಸುತ್ತಿರಲಿಲ್ಲ, ಏನೂ ಹಾಡುತ್ತಿರಲಿಲ್ಲ. ಗಂಟಲಿನ ಆಳದಲ್ಲಿ ಒಂದು ಸದ್ದು ಮಾತ್ರ: ಗುರ್‌ರ್‌ರ್, ಗುರ್‌ರ್‌ರ್. ಎರಡನೇ ಗೇರಿನಲ್ಲಿ ಬಸ್ಸು ಬೆಟ್ಟ ಹತ್ತುವ ಸದ್ದು. ಆಗಾಗ ಮೈ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಆಮೇಲೆ ಬಲಕ್ಕೆ. ತಿರುವುಗಳು.

“ಎಷ್ಟು ದಿನದಿಂದ ಇದು?” ಎಂದು ಯಾಚಿನ್ ಕೇಳಿದಳು.

“ಬುಧವಾರದಿಂದ” ಎಂದ ಪೆಂಗ್, ಗೇರು ಬದಲಿಸದೆ.

“ಅಪ್ಪಾ, ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಹೋದೆ. ನಿಮ್ಮಮ್ಮ ಬೆರಳು ತೋರಿಸಿದ್ಳು.”

“ಅಂದ್ರೆ” ಎಂದೆ ನಾನು, “ಇಷ್ಟು ದಿನ ನಾನು ಎತ್ಕೊಂಡಿದ್ದಕ್ಕೇ...”

ಪೆಂಗ್ ತಿರುವಿನಲ್ಲಿ ಹಾರ್ನ್ ಹೊಡೆದ: “ಲುವೋ ಟೀಚರ್, ಮೂವತ್ತೊಂದು ವರ್ಷ ನಿನ್ನ ಕೆಲಸ ಏನು? ನಿದ್ದೆ ಮಾಡೋರನ್ನ ಎಬ್ಬಿಸೋದು. ಮೂವತ್ತಮೂರು ವರ್ಷ ನನ್ನ ಬಸ್ಸು ಹತ್ತಿದೋರು ಮೂರನೇ ತಿರುವು ದಾಟೋದ್ರೊಳಗೆ ಗೊರಕೆ ಹೊಡೀತಿದ್ರು. ನೀನೂ ಹೊಡೀತಿದ್ದೆ.”

ತೋಂಗ್ ಬಿದ್ದು ಬಿದ್ದು ನಗಲು ಹೋದರು. ಯಾಚಿನ್ ಅವರ ಬಾಯಿಗೆ ಕೈ ಅಡ್ಡ ಹಿಡಿದಳು. ತೀರ್ಪು ಅಲ್ಲೇ, ಪಿಸುಮಾತಿನಲ್ಲಿ ಬಂತು. ನೋಮಿ ಇಲ್ಲೇ ಇರುತ್ತಾಳೆ, ಅಜ್ಜನ ಹತ್ತಿರ. ತೋಂಗ್ ಅತ್ತೆ ಬೇಕಾದಷ್ಟು ದಿನ ಇರಬಹುದು. ಷರತ್ತು ಒಂದೇ: ದಿನವೂ ಐದಕ್ಕೆ ಹತ್ತು ನಿಮಿಷ ಇರುವಾಗ ಇಬ್ಬರು ಅಜ್ಜಿಯರೂ ಮನೆಯಿಂದ ಹೊರಗೆ ಹೋಗತಕ್ಕದ್ದು.

ಈಗ ನಾವಿಬ್ಬರೂ ಸಂಜೆ ಚೌಕದಲ್ಲಿ ಹೆಂಗಸರ ಜೊತೆ ಕುಣಿಯಲು ಹೋಗುತ್ತೇವೆ. ತೋಂಗ್ ಕುಣಿದರೆ ಚೌಕದ ಕಲ್ಲು ಅದುರುತ್ತದೆ, ಸಹವಾಸ ಕೆಟ್ಟದ್ದಲ್ಲ. ಆದರೆ ಒಂದು ಮಾತು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ: ಅಳು ನಿಂತದ್ದು ಪದ್ಯದಿಂದಲೇ. ಬಸ್ಸು, ತಿರುವು, ಗುರ್‌ರ್‌ರ್ ಎಲ್ಲ ಆಮೇಲೆ ಬಂದ ಕತೆ.

ಈ ವಾದದಲ್ಲಿ ಒಂದೇ ತೊಡಕಿತ್ತು. ಮೊನ್ನೆ ಜಿಯಾಂಗ್ ಗಾಡಿ ನಿಲ್ಲಿಸಿ ಕೇಳಿದ: “ಟೀಚರ್, ಪದ್ಯದಿಂದ ನಿಂತಿದ್ದು ಅಂತ ಊರೆಲ್ಲ ಹೇಳ್ತಿದ್ದೀರಂತೆ. ಹಾಗಾದ್ರೆ ನಮ್ಮಜ್ಜಿ ಹೇಳಿದ್ದು ಸರಿ. ನಾನು ಬರೆದಿದ್ದೂ ಸರಿ. ನನ್ನ ಸೊನ್ನೆ?”

ಯೋಚಿಸಿದೆ. ಸೊನ್ನೆ ಉಳಿಯಲಿ ಅಂದರೆ ಪೆಂಗ್ ಗೆದ್ದಂತೆ. ಕೈಚೀಲದಿಂದ ಕೆಂಪು ಪೆನ್ನು ತೆಗೆದೆ. ಕಂಬದ ಕಾಗದದ ಮೇಲೆ, ಅವನ ಸಹಿಯ ಪಕ್ಕದಲ್ಲಿ, ಹತ್ತಕ್ಕೆ ಹತ್ತು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನಲವತ್ತು ದಾಟಿದ ಆ ಗಡ್ಡದ ಮನುಷ್ಯ ಕಣ್ಣೊರೆಸಿಕೊಂಡ. ನನಗೂ ಉತ್ಸಾಹ ಬಂತು. ಕಂಬದ ಮುಂದೆ ನೆಟ್ಟಗೆ ನಿಂತು, ಗಟ್ಟಿಯಾಗಿ, ಸ್ಪಷ್ಟವಾಗಿ, ಬೀದಿಗೆಲ್ಲ ಕೇಳುವಂತೆ ಓದಲು ಬಾಯಿ ತೆರೆದೆ: “ದಾರಿಯಲಿ ನಡೆವವರೆ...”

ಮೇಲಿನಿಂದ ಯಾರೋ ಸಣ್ಣಗೆ ಕೆಮ್ಮಿದರು. ಸಾಸೇಜುಗಳ ನಡುವೆ ಪೆಂಗ್ ನಿಂತಿದ್ದ. ಹೆಗಲ ಮೇಲೆ ನೋಮಿ, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿ. ತೋರುಬೆರಳನ್ನು ತುಟಿಯ ಮೇಲೆ ಇಟ್ಟ.

ನಾನು ಬಾಯಿ ಮುಚ್ಚಿದೆ.